ಪ್ರಾರ್ಥನೆ ಮಾಡಿಸಿಕೊಂಡ ಮೇಲೆ ಗುಳಿಗೆ ತಗೊಂಡರೆ ನಂಬಿಕೆ ಇಲ್ಲ ಅಂತಲೇ?

ಭಾಲ್ಕಿ ಕಡೆ ಇರುವ ನಿಮ್ಮ ಅಕ್ಕ ಒಂದು ಕ್ರೈಸ್ತ ಸಭೆಗೆ ಹೋಗುತ್ತಿದ್ದಾರೆ, ಅಲ್ಲಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ಮೇಲೆ ಶುಗರ್ ಗುಳಿಗೆ ಬಿಟ್ಟಿದ್ದಾರೆ, ಕೇಳಿದರೆ "ಗುಳಿಗಿ ತಗೊಂಡ್ರ ನಂಬಿಕಿ ಇಲ್ಲಂತ ಆಗ್ತದ" ಅನ್ನುತ್ತಾರೆ ಎಂದು ಬರೆದಿದ್ದೀರಿ. ಕ್ರೈಸ್ತ ಧರ್ಮ ನಿಜವಾಗಿ ಹೀಗೆ ಹೇಳುತ್ತದೆಯೇ, ಅವರಿಗೆ ಹೇಗೆ ತಿಳಿಹೇಳಲಿ ಅನ್ನುವುದು ನಿಮ್ಮ ಪ್ರಶ್ನೆ.

ಕ್ರೈಸ್ತ ಧರ್ಮ ಹಾಗೆ ಹೇಳುವುದಿಲ್ಲ. ನಾನು ಬೀದರ್‌ನ ಮಂಗಲಪೇಟೆಯ ಮೆಥೋಡಿಸ್ಟ್ ಮನೆಯವನು, ಊರಲ್ಲೇ ಮೆಡಿಕಲ್ ಅಂಗಡಿ ಇಟ್ಟಿದ್ದೇನೆ. ಪ್ರಾರ್ಥನೆಗೆ ದೇವರು ಕಿವಿಗೊಡುತ್ತಾನೆ, ಗುಣಪಡಿಸುತ್ತಾನೆ ಎಂದು ನಂಬುವವನು. ಇದನ್ನು ಅಕ್ಕನಿಗೆ ಮೊದಲು ಹೇಳಿ. ಇಲ್ಲದಿದ್ದರೆ ಅವಿಶ್ವಾಸಿಯ ಮಾತು ಅಂತ ಮುಂದಕ್ಕೆ ಓದಲಿಕ್ಕಿಲ್ಲ.

ಗುಣವಾಗುವ ಪ್ರಾರ್ಥನೆಗೆ ಎಲ್ಲ ಸಭೆಗಳೂ ಹಿಡಿಯುವ ವಾಕ್ಯ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ, 14 ಮತ್ತು 15ನೇ ವಚನ. ನಿಮ್ಮಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಸಭೆಯ ಹಿರಿಯರನ್ನು ಕರೆಸಲಿ, ಅವರು ಕರ್ತನ ಹೆಸರಿನಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಲಿ, ನಂಬಿಕೆಯ ಪ್ರಾರ್ಥನೆ ರೋಗಿಯನ್ನು ಉಳಿಸುವುದು ಅನ್ನುತ್ತದೆ. ಇಲ್ಲಿ ಪ್ರಾರ್ಥಿಸುವವರು ಯಾರು ಅಂತ ನೋಡಿ. ಹಿರಿಯರು. ಹಾಸಿಗೆ ಹಿಡಿದವನ ಪಾಲಿಗೆ ಇರುವ ಕೆಲಸ ಒಂದೇ, ಕರೆಸುವುದು. ನಂಬಿಕೆಯ ಭಾರ ಬಿದ್ದಿರುವುದು ಎಣ್ಣೆ ಹಚ್ಚುವವರ ಮೇಲೆ. ಗುಣವಾಗದಿದ್ದಾಗ "ನಿನಗ ನಂಬಿಕಿ ಸಾಲಲಿಲ್ಲವ್ವಾ" ಎಂದು ರೋಗಿಯ ಕಡೆ ಬೆರಳು ತೋರಿಸುವವರು ಈ ವಚನವನ್ನು ತಲೆಕೆಳಗು ಓದುತ್ತಿದ್ದಾರೆ.

ನಮ್ಮ ಅಜ್ಜಿ ಹಾಸಿಗೆ ಹಿಡಿದಾಗ ಚರ್ಚಿನ ಅಯ್ಯನವರು ಮನೆಗೆ ಬಂದು ಹೀಗೆಯೇ ಎಣ್ಣೆ ಹಚ್ಚಿದ್ದರು. ಜುಬ್ಬದ ಜೇಬಿನಿಂದ ಚಿಕ್ಕ ಬಾಟಲಿ ತೆಗೆದು ಹೆಬ್ಬೆರಳು ಅದ್ದಿ ಹಣೆಗೆ ಶಿಲುಬೆ ಗುರುತು ಎಳೆದರು. ಎಣ್ಣೆ ಹೆಚ್ಚಾಗಿ ಹುಬ್ಬಿಗೆ ಇಳಿಯಿತು, ಅತ್ತೆ ಸೆರಗಿನಿಂದ ಒರೆಸಿದರು. ಪ್ರಾರ್ಥನೆ ಮುಗಿದು ಆಮೆನ್ ಅಂದಕೂಡಲೇ ಅಯ್ಯನವರು ಕೇಳಿದ್ದು, "ಮಧ್ಯಾಹ್ನದ ಗುಳಿಗಿ ಕೊಟ್ಟೀರೇನು?" ಅಂತ. ನಮ್ಮ ಮನೆಯಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಅಕ್ಕನ ಸಭೆಯವರು ಬಹುಶಃ ಮಾರ್ಕನ ಸುವಾರ್ತೆ 5ನೇ ಅಧ್ಯಾಯ ತೋರಿಸುತ್ತಾರೆ. 12 ವರ್ಷ ರಕ್ತಸ್ರಾವದಿಂದ ನರಳಿ, ವೈದ್ಯರಿಗೆ ಇದ್ದದ್ದೆಲ್ಲ ಸುರಿದು ಕಡೆಗೆ ಯೇಸುವಿನ ಉಡುಪು ಮುಟ್ಟಿದ ಹೆಂಗಸಿನ ಕಥೆ. "ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥ ಮಾಡಿತು" ಅನ್ನುವ ಮಾತು ಇರುವುದು ಅಲ್ಲೇ. ನಿಜ, ಆದರೆ ಅದು ಗುಣವಾದ ಮೇಲೆ ಆಡಿದ ಮೆಚ್ಚುಗೆಯ ಮಾತು, ಮೊದಲೇ ಹಾಕಿದ ಷರತ್ತಲ್ಲ. ಅದೇ ಸುವಾರ್ತೆಯ 2ನೇ ಅಧ್ಯಾಯದಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮಾಳಿಗೆ ಬಿಚ್ಚಿ ಇಳಿಸುತ್ತಾರೆ. ಯೇಸು ನೋಡಿದ್ದು "ಅವರ" ನಂಬಿಕೆಯನ್ನು. ಯೋಹಾನನ 5ನೇ ಅಧ್ಯಾಯದಲ್ಲಿ 38 ವರ್ಷದಿಂದ ಕಾಯಿಲೆಯಾಗಿ ಕೊಳದ ದಂಡೆಯಲ್ಲಿ ಬಿದ್ದಿದ್ದವನಿಗೆ ತನ್ನನ್ನು ಎಬ್ಬಿಸಿದವನು ಯಾರೆಂದೇ ಗೊತ್ತಿರಲಿಲ್ಲ. ಇನ್ನು ಮತ್ತಾಯ 17ರಲ್ಲಿ ಮೂರ್ಛೆರೋಗದ ಹುಡುಗನನ್ನು ಶಿಷ್ಯರಿಂದ ಗುಣಪಡಿಸಲಾಗಲಿಲ್ಲ, ಯಾಕೆ ಅಂತ ಕೇಳಿದರೆ "ನಿಮ್ಮ ನಂಬಿಕೆ ಕಡಿಮೆ" ಅಂದ ಯೇಸು. ಬೈಸಿಕೊಂಡವರು ಶಿಷ್ಯರು, ಹುಡುಗನಲ್ಲ. ಇದನ್ನು ಪಾಸ್ಟರ್ ಎದುರಿಗೇ ಓದಬೇಕು.

ಯೇಸುವಿನ ಸ್ವಂತ ಊರು ನಜರೇತಿನ ಜನರ ಅಪನಂಬಿಕೆಯಿಂದ ಅಲ್ಲಿ ಮಹತ್ಕಾರ್ಯ ನಡೆಯಲಿಲ್ಲವಲ್ಲ ಅನ್ನಬಹುದು. ಅದು ಆತನನ್ನೇ ತಿರಸ್ಕರಿಸಿದ ಊರಿನ ವಿಷಯ, ಅಲ್ಲಿ ಕೂಡ ಕೆಲವು ರೋಗಿಗಳ ಮೇಲೆ ಕೈಯಿಟ್ಟು ಗುಣಪಡಿಸಿದ ಎಂದೇ ಬರೆದಿದೆ.

ಗುಣವಾಗದವರೂ ಬೈಬಲ್‌ನಲ್ಲಿ ಇದ್ದಾರೆ. ಅಪೊಸ್ತಲ ಪೌಲನಿಗೆ ಶರೀರದಲ್ಲಿ ಒಂದು ಮುಳ್ಳು ನಾಟಿತ್ತು, ಅಂದರೆ ಬಿಡದ ಒಂದು ಬಾಧೆ ಇತ್ತು, ಮೂರು ಸಲ ಬೇಡಿಕೊಂಡ, ಸಿಕ್ಕ ಉತ್ತರ "ನನ್ನ ಕೃಪೆಯೇ ನಿನಗೆ ಸಾಕು". ಹೊಟ್ಟೆಯ ತೊಂದರೆಯಿದ್ದ ತನ್ನ ಶಿಷ್ಯ ತಿಮೊಥೆಗೆ ಬರೀ ನೀರು ಬೇಡ, ಸ್ವಲ್ಪ ದ್ರಾಕ್ಷಾರಸ ಕುಡಿ ಅಂತ ಅದೇ ಪೌಲ ಬರೆದ. ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಮುಂದೆ ಹೋದ. ಇವರಿಗೆಲ್ಲ ನಂಬಿಕೆ ಇರಲಿಲ್ಲವೇ? ಅರಸ ಹಿಜ್ಕೀಯನ ಹುಣ್ಣಿಗಂತೂ ಪ್ರವಾದಿ ಯೆಶಾಯನೇ ಅಂಜೂರದ ಹಣ್ಣಿನ ಉಂಡೆ ಕಟ್ಟಿಸಿದ. ಪ್ರಾರ್ಥನೆ ಕೇಳಿದ್ದೇನೆ ಅಂತ ದೇವರು ಹೇಳಿಯಾದ ಮೇಲೆ ಕಟ್ಟಿಸಿದ್ದು!

ಅಕ್ಕನ ಸಭೆಯ ಬೋಧನೆ ಗಾಳಿಯಿಂದ ಬಂದದ್ದಲ್ಲ, ಅದನ್ನೂ ಹೇಳಬೇಕು. "ಆತನ ಬಾಸುಂಡೆಗಳಿಂದ ನಮಗೆ ಗುಣವಾಯಿತು" ಅನ್ನುವ ಯೆಶಾಯ 53ರ ಮಾತನ್ನು ಹಿಡಿದು, ಪಾಪಕ್ಷಮೆಯಂತೆ ದೇಹದ ಸ್ವಸ್ಥತೆಯೂ ಶಿಲುಬೆಯಲ್ಲೇ ಸಿಕ್ಕಿದೆ ಎಂದು ಬೋಧಿಸಿದವರು ಉಂಟು. 19ನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಎ.ಬಿ. ಸಿಂಪ್ಸನ್ ಕ್ರಿಸ್ತನನ್ನು ರಕ್ಷಕನಷ್ಟೇ ಅಲ್ಲ, ವೈದ್ಯ ಎಂದೂ ಸಾರಿದರು. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ಹೊತ್ತಿಕೊಂಡ, ಪವಿತ್ರಾತ್ಮದ ವರಗಳನ್ನು ಒತ್ತಿ ಹೇಳುವ ಪೆಂತೆಕೊಸ್ತು ಚಳವಳಿ ಆ ಬೋಧನೆಯನ್ನು ಲೋಕಕ್ಕೆಲ್ಲ ಹರಡಿತು. ಮೊದಲ ತಲೆಮಾರಿನಲ್ಲಿ ಔಷಧ ಮುಟ್ಟುವುದಿಲ್ಲ ಎಂದವರೂ ಇದ್ದರು. ಇವತ್ತು ನಮ್ಮ ಕಡೆಯ ಪೆಂತೆಕೊಸ್ತು ಸಭೆಗಳ ಎಷ್ಟೋ ಮಂದಿ ಚೀಟಿ ಹಿಡಿದು ನನ್ನ ಅಂಗಡಿಗೇ ಬರುತ್ತಾರೆ, ಪಾಸ್ಟರ್‌ಗಳೂ ಬರುತ್ತಾರೆ. ಬಿ.ಪಿ. ಯಾರನ್ನೂ ಬಿಟ್ಟಿಲ್ಲ.

ನಮ್ಮ ಮೆಥೋಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ 1746ರಲ್ಲಿ ಲಂಡನ್‌ನಲ್ಲಿ ಬಡವರಿಗೆ ಪುಕ್ಕಟೆ ಔಷಧ ಕೊಡುವ ದವಾಖಾನೆ ತೆರೆದರು, ಮರುವರ್ಷ ಮನೆಮದ್ದಿನ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಈ ದೇಶಕ್ಕೆ ಬಂದ ಮಿಷನರಿಗಳು ಚರ್ಚಿನ ಜೊತೆ ಆಸ್ಪತ್ರೆ ಕಟ್ಟಿದ್ದೂ ಅದೇ ಜಾಡಿನಲ್ಲಿ. ಕ್ಯಾಥೊಲಿಕರು ಅದ್ಭುತದ ವಿಷಯದಲ್ಲಿ ಇನ್ನೂ ಬಿಗಿ. ಫ್ರಾನ್ಸಿನ ಯಾತ್ರಾಸ್ಥಳ ಲೂರ್ದ್‌ನಲ್ಲಿ 1858ರಿಂದ ಲಕ್ಷಗಟ್ಟಲೆ ರೋಗಿಗಳು ಹೋಗಿ ಬಂದಿದ್ದಾರೆ, ಗುಣವಾಯಿತು ಅಂದವರನ್ನು ವೈದ್ಯರ ಮಂಡಳಿ ಪರೀಕ್ಷಿಸುತ್ತದೆ, ರೋಗ ಕಠಿಣವಾಗಿತ್ತೇ, ಮತ್ತೆ ಮರುಕಳಿಸಿತೇ, ಔಷಧದಿಂದ ಆದದ್ದೇ ಅಂತೆಲ್ಲ ವರ್ಷಗಟ್ಟಲೆ ನೋಡುತ್ತಾರೆ. 70ನೆಯ ಅದ್ಭುತವನ್ನು ಚರ್ಚು ಒಪ್ಪಿಕೊಂಡದ್ದು 2018ರಲ್ಲಿ. ಇಲ್ಲಿ ಒಂದೇ ರಾತ್ರಿಯ ಕೂಟದಲ್ಲಿ ಅದಕ್ಕಿಂತ ಹೆಚ್ಚು ಗುಣವಾದ ಸಾಕ್ಷಿ ಮೈಕಿನಲ್ಲಿ ಕೇಳುತ್ತವೆ.

ಈಗ ಅಂಗಡಿಯವನಾಗಿ ಹೇಳುತ್ತೇನೆ. ಶುಗರ್ ಗುಳಿಗೆ ಬಿಟ್ಟ ಮಾರನೆಯ ದಿನ ಏನೂ ಆಗುವುದಿಲ್ಲ, ತೊಂದರೆ ಇರುವುದು ಅಲ್ಲೇ. ಸಕ್ಕರೆ ಮೆಲ್ಲಗೆ ಏರುತ್ತದೆ, ಕೆಲವು ವಾರ ಮೈಗೆ ಗೊತ್ತಾಗುವುದಿಲ್ಲ, ಆ ಹೊತ್ತಿಗೆ ಸಭೆಯಲ್ಲಿ ಸಾಕ್ಷಿ ಹೇಳಿ ಆಗಿರುತ್ತದೆ. ಕಣ್ಣು, ಕಿಡ್ನಿ, ಪಾದದ ನರಗಳು ಸದ್ದಿಲ್ಲದೆ ಕೆಡುತ್ತವೆ. ಇನ್ಸುಲಿನ್ ಮೇಲೆಯೇ ಬದುಕಿರುವವರು ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಕುತ್ತು ಬರುತ್ತದೆ. ಮೂರ್ಛೆರೋಗದ ಗುಳಿಗೆ, ಟಿ.ಬಿ. ಗುಳಿಗೆ ನಡುವೆ ನಿಲ್ಲಿಸುವುದೂ ಅಷ್ಟೇ ಅಪಾಯ. ಮದ್ದು ಬಿಡಿಸುವ ಈ ಚಾಳಿ ಕ್ರೈಸ್ತರಲ್ಲಿ ಮಾತ್ರ ಇರುವುದೂ ಅಲ್ಲ. ಹಾವು, ಚೇಳು, ನಾಯಿ ಕಚ್ಚಿದವರನ್ನು ದವಾಖಾನೆಗೆ ಹೋಗಗೊಡದೆ ಮಂತ್ರ ಹಾಕುವುದನ್ನು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧ ಅಂತ ಬರೆಯಬೇಕಾಯಿತು ಅಂದರೆ, ಎಲ್ಲ ಜಾತಿಯಲ್ಲೂ ಇದೆ ಅಂತಲೇ ಅರ್ಥ.

ಅಕ್ಕನ ಹತ್ತಿರ ವಾದಕ್ಕೆ ಇಳಿಯಬೇಡಿ. ಸಭೆ ಬಿಡು ಅಂತಲೂ ಹೇಳಬೇಡಿ, ಬಿಡುವುದಿಲ್ಲ; ಕಷ್ಟದಲ್ಲಿ ಮನೆಗೆ ಬಂದು ಕೂತು ಅತ್ತವರು ಅಲ್ಲಿಯವರೇ ಇರಬಹುದು. ಲೂಕ 17 ತೆಗೆಯಿರಿ. ಹತ್ತು ಮಂದಿ ಕುಷ್ಠರೋಗಿಗಳು ಕೂಗಿಕೊಂಡಾಗ ಯೇಸು ಹೇಳಿದ್ದು "ಹೋಗಿ ಯಾಜಕರಿಗೆ ಮೈ ತೋರಿಸಿಕೊಳ್ಳಿರಿ" ಅಂತ. ಆ ಕಾಲಕ್ಕೆ ಗುಣವಾಗಿದೆಯೋ ಇಲ್ಲವೋ ನೋಡಿ ಹೇಳುವ ಅಧಿಕಾರ ಯಾಜಕರದು. ಗುಣವಾದವರು ಪರೀಕ್ಷೆಗೆ ಹೆದರಬೇಕಿಲ್ಲ. "ಅಕ್ಕಾ, ದೇವರು ಮುಟ್ಟಿದ್ರ ರಿಪೋರ್ಟ್‌ನಾಗೂ ಬರ್ತದ, ತೋರಿಸಿ ನೋಡೋಣು" ಅನ್ನಿ. ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿ, ಲ್ಯಾಬಿನಲ್ಲಿ ಮೂರು ತಿಂಗಳ ಶುಗರ್ ಅಂದರೂ ತಿಳಿಯುತ್ತದೆ. ಹಿಂದಿನ ದಿನ ಪಥ್ಯ ಮಾಡಿ ಅದನ್ನು ಇಳಿಸಲಿಕ್ಕೆ ಬರುವುದಿಲ್ಲ.

ರಿಪೋರ್ಟ್ ನೋಡಿ ಗುಳಿಗೆ ಮತ್ತೆ ಶುರು ಮಾಡಲು ಒಪ್ಪಿದರೆ, ಹಳೆಯ ಚೀಟಿ ಹಿಡಿದು ಅಂಗಡಿಗೆ ಓಡಬೇಡಿ, ಡಾಕ್ಟರಿಗೆ ತೋರಿಸಿ. ಉಪವಾಸ ಪ್ರಾರ್ಥನೆಗೆ ಕೂರುತ್ತಾರೆ ಅನ್ನುವುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಗ್ಲಿಮೆಪಿರೈಡ್‌ನಂಥ ಗುಳಿಗೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ತಟ್ಟನೆ ಇಳಿದು ಕೈಕಾಲು ನಡುಗುತ್ತವೆ, ಬೆವರು ಕಿತ್ತುಕೊಂಡು ಬರುತ್ತದೆ, ಆ ಗದ್ದಲದಲ್ಲಿ ಅದನ್ನು ಪವಿತ್ರಾತ್ಮದ ಸ್ಪರ್ಶ ಅಂದುಕೊಂಡು ಸುತ್ತ ನಿಂತು ಇನ್ನೂ ಜೋರಾಗಿ ಪ್ರಾರ್ಥಿಸಿಬಿಡುತ್ತಾರೆ. ಪಕ್ಕದಲ್ಲಿ ಕೂರುವವರೊಬ್ಬರಿಗೆ ಈ ಲಕ್ಷಣ ತಿಳಿಸಿಡಿ. ಹಾಗೇನಾದರೂ ಆದರೆ ಮೊದಲು ಮೂರು-ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಲಿ.