1909ರ ಪಾತ್ರವರ್ಗದಲ್ಲಿ ಗಂಡನ ಪಾತ್ರದ ಮುಂದೆ ಹೆಂಡತಿಯ ಹೆಸರು: ಅಚ್ಚಿನ ತಪ್ಪೇ?

ತಪ್ಪಲ್ಲ. ನೀವು ಕೇಳಿದ ಎರಡಕ್ಕೂ (ಕಪ್ಪು ಅಮೆರಿಕನ್ ನರ್ತಕಿ, ಗಾಯಕಿ ಐಡಾ ಓವರ್ಟನ್ ವಾಕರ್ ಹೆಸರು ಹಳೆಯ ಪತ್ರಿಕೆಗಳಲ್ಲಿ ಸಿಗದಿರುವುದು, 'ಬಂಡಾನಾ ಲ್ಯಾಂಡ್' ಸಂಗೀತ ನಾಟಕದ ಪಾತ್ರಪಟ್ಟಿಯಲ್ಲಿ ಗಂಡನ ಜಾಗದಲ್ಲಿ ಅವರ ಹೆಸರಿರುವುದು) ಕಾರಣ ಬೇರೆ ಬೇರೆ.

ಮೊದಲನೆಯದು ಸ್ಪೆಲಿಂಗ್. ಶುರುವಿನಲ್ಲಿ ಅವರು ಏಡಾ. ಮಧ್ಯದ 'ಐ' ಬಿಟ್ಟು ಎ, ಡಿ, ಎ ಅಂತ ಮೂರೇ ಅಕ್ಷರ ಹಾಕಿ ಹುಡುಕಿ. 1899ರಲ್ಲಿ ಹಾಸ್ಯನಟ ಜಾರ್ಜ್ ವಾಕರ್ ಜೊತೆ ಮದುವೆ. ಅದಕ್ಕೂ ಹಿಂದಿನದು ಬೇಕಾದರೆ 'ವಾಕರ್' ಕೂಡ ತೆಗೆಯಿರಿ.

ಆಮೇಲೂ ಸಿಗದಿದ್ದರೆ ಹೆಸರು ಬಿಟ್ಟು ನಾಟಕ ಹಿಡಿಯಿರಿ: 'ಇನ್ ಡಹೋಮಿ' (1903), 'ಅಬಿಸೀನಿಯಾ' (1906), 'ಬಂಡಾನಾ ಲ್ಯಾಂಡ್' (1908). ಸುದ್ದಿಯಲ್ಲಿ ಬರೀ 'ವಿಲಿಯಮ್ಸ್ ಮತ್ತು ವಾಕರ್ ಕಂಪನಿ' (ಜಾರ್ಜ್ ಮತ್ತು ಅವರ ಜೊತೆಗಾರ ಬರ್ಟ್ ವಿಲಿಯಮ್ಸ್ ಅವರ ನಾಟಕ ಕಂಪನಿ) ಅಂತಿದ್ದರೂ ಓದಿ, ನೃತ್ಯದ ಮಾತು ಬಂದಲ್ಲಿ ಐಡಾ ಇರಬಹುದು. ಹಳೆಯ ಅಮೆರಿಕನ್ ಪತ್ರಿಕೆಗಳ ಜಾಲತಾಣ 'ಕ್ರಾನಿಕ್ಲಿಂಗ್ ಅಮೆರಿಕಾ'ದಲ್ಲಿ ಉಚಿತವಾಗಿ ಹುಡುಕಬಹುದು. ಕಪ್ಪು ಜನರ ಪತ್ರಿಕೆ 'ನ್ಯೂಯಾರ್ಕ್ ಏಜ್' ಮಾತ್ರ ಬಿಡಬೇಡಿ. 'ಇನ್ ಡಹೋಮಿ' 1903ರ ಮೇನಲ್ಲಿ ಲಂಡನ್ನಿನ ಶಾಫ್ಟ್ಸ್‌ಬರಿ ಥಿಯೇಟರಿಗೆ ಹೋಯಿತು, ಆ ತಿಂಗಳುಗಳಿಗೆ ಬ್ರಿಟಿಷ್ ಪತ್ರಿಕೆ ನೋಡಿ.

ಇನ್ನು 1909. ಜಾರ್ಜ್ ಕಾಯಿಲೆ ಬಿದ್ದು ರಂಗ ಬಿಟ್ಟರು. ಆಗ ಐಡಾ, ಗಂಡನ ಠಾಕುಠೀಕಿನ ಗಂಡುಡುಪನ್ನೇ ತೊಟ್ಟು, ಜಾರ್ಜ್‌ಗೆ ಹೆಸರು ತಂದಿದ್ದ ಹಾಡು 'ಬಾನ್ ಬಾನ್ ಬಡಿ'ಯನ್ನು ತಾವೇ ಹಾಡಿದರು. ನನಗೆ ಕೇಳಿದರೆ ಐಡಾ ಅವರ ವೃತ್ತಿಯ ಅತಿ ದಿಟ್ಟ ಹೆಜ್ಜೆ ಇದೇ. ನಿಮ್ಮ ಕೈಲಿರುವ ಪಾತ್ರಪಟ್ಟಿ ಬಹುಶಃ ಆ ದಿನಗಳದ್ದು. ಪಾತ್ರವರ್ಗ ಊರಿಂದ ಊರಿಗೆ ಬದಲಾಗಿರಬಹುದು, ಆದ್ದರಿಂದ ಪಟ್ಟಿಯ ಮೇಲಿನ ಊರು, ತಾರೀಖು ನೋಡಿ ಅದೇ ವಾರದ ಸ್ಥಳೀಯ ಪತ್ರಿಕೆ ತೆಗೆಯಿರಿ.