ಕಟ್ಟಿದ್ದು ಸಚಿವರು, ಬಿದ್ದಿದ್ದು ತಾನಾಗೇ

ನಮಸ್ಕಾರ. ನಿಮ್ಮ ಹಾಸ್ಯ ಬರಹ ಓದಿದೆ. ಉದ್ಘಾಟನೆಯಾದ ಸ್ವಲ್ಪ ದಿನಕ್ಕೇ ಸೇತುವೆ ಬೀಳುತ್ತದೆ, ಸಚಿವರ ಕಚೇರಿಯಿಂದ ಪತ್ರಿಕಾ ಪ್ರಕಟಣೆ ಬರುತ್ತದೆ, ಆ ಪ್ರಕಟಣೆಯೇ ನಿಮ್ಮ ಬರಹ. ಐಡಿಯಾ ಚೆನ್ನಾಗಿದೆ, ಭಾಷೆಯೂ ಸಲೀಸಾಗಿದೆ. ಆದರೆ ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಇಷ್ಟು ಒಳ್ಳೆಯ ವಸ್ತು ಕೈಯಲ್ಲಿಟ್ಟುಕೊಂಡು, ನೀವು ಒಂದಾದರೂ ಪ್ರಕಟಣೆಯನ್ನು ಪೂರ್ತಿ ಓದಿಯೇ ಇಲ್ಲ ಅನ್ನಿಸಿ ಸಿಟ್ಟು ಬಂತು.

ಮೊದಲ ಸಾಲನ್ನೇ ನೋಡಿ. “ನಾನು ಕಮಿಷನ್ ತಿಂದಿದ್ದರಿಂದ ಸೇತುವೆ ಬಿದ್ದಿದೆ, ಇದಕ್ಕೆ ಹೆಮ್ಮೆಪಡುತ್ತೇನೆ.” ಯಾವ ಸಚಿವರು ಹೀಗೆ ಬರೆಸುತ್ತಾರೆ ಸ್ವಾಮಿ? ಇದು ನಿಮ್ಮ ಅಭಿಪ್ರಾಯ, ಅದನ್ನು ಅವರ ಬಾಯಿಗೆ ತುರುಕಿದ್ದೀರಿ ಅಷ್ಟೆ. ಪ್ರಕಟಣೆ ಬರೆಯುವವರು ದಡ್ಡರಲ್ಲ. ಅವರಾಗಿದ್ದರೆ ಹೀಗೆ ಬರೆಯುತ್ತಿದ್ದರು: “ಸೇತುವೆಯ ಒಂದು ಭಾಗಕ್ಕೆ ಸಂಬಂಧಿಸಿದಂತೆ ಕೆಲವು ವರದಿಗಳು ಬಂದಿದ್ದು, ಅವುಗಳನ್ನು ಗಂಭೀರವಾಗಿ ಪರಿಗಣಿಸಲಾಗಿದೆ.” ಬಿತ್ತು ಅನ್ನುವ ಮಾತೇ ಇಲ್ಲ. ಪರಿಗಣಿಸಿದವರು ಯಾರೋ, ದೇವರಿಗೇ ಗೊತ್ತು. ನಗು ಇರುವುದು ಇಲ್ಲಿ.

ಎರಡನೇ ಪ್ಯಾರಾ. “ಉನ್ನತ ಮಟ್ಟದ ತನಿಖೆ ಮಾಡಿಸುತ್ತೇವೆ (ವರದಿ ನಿಮ್ಮ ಮೊಮ್ಮಕ್ಕಳ ಕೈಗೆ ಸಿಗುತ್ತದೆ, ಹ್ಹ ಹ್ಹ!!)” ಬ್ರಾಕೆಟ್ ಯಾಕೆ? ನಾನು ನಗಬೇಕಾದ ಜಾಗದಲ್ಲಿ ನೀವೇ ನಕ್ಕುಬಿಟ್ಟರೆ ನನಗೇನು ಕೆಲಸ? ಸುಮ್ನೆ “ವರದಿ ಕೈಸೇರಿದ ನಂತರ ಪರಿಶೀಲಿಸಿ, ಸೂಕ್ತ ಕ್ರಮ ಕೈಗೊಳ್ಳುವ ಬಗ್ಗೆ ಚಿಂತಿಸಲಾಗುವುದು” ಅಂತ ಬರೆದು ಬಿಟ್ಟುಬಿಡಿ. ಮೊಮ್ಮಕ್ಕಳು ಓದುಗರಿಗೆ ತಾವಾಗೇ ನೆನಪಾಗುತ್ತಾರೆ.

ನಿಜವಾದ ಹೇಳಿಕೆಗಳನ್ನೇ ನೋಡಿ. 1973ರಲ್ಲಿ ವಾಟರ್‌ಗೇಟ್ ಹಗರಣ (ವಿರೋಧ ಪಕ್ಷದ ಕಚೇರಿಗೆ ಕನ್ನ ಹಾಕಿದ ಪ್ರಕರಣ) ಬಿಸಿಯಾಗಿದ್ದಾಗ, ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಪತ್ರಿಕಾ ಕಾರ್ಯದರ್ಶಿ ರಾನ್ ಝೀಗ್ಲರ್ ಏನು ಹೇಳಿದರು ಗೊತ್ತಾ? ಈಗ ಕೊಟ್ಟಿರುವ ಹೇಳಿಕೆಯೇ ಚಾಲ್ತಿಯಲ್ಲಿರುವುದು, ಹಿಂದಿನವು ಚಾಲ್ತಿಯಲ್ಲಿಲ್ಲ. 1987ರಲ್ಲಿ ಅಧ್ಯಕ್ಷ ರೇಗನ್ ತಮ್ಮ ವಾರ್ಷಿಕ ಭಾಷಣದಲ್ಲಿ, ಇರಾನ್‌ಗೆ ಗುಟ್ಟಾಗಿ ಶಸ್ತ್ರ ಮಾರಿದ ವಿಚಾರದಲ್ಲಿ ಗಂಭೀರ ತಪ್ಪುಗಳು ಆದವು ಅಂದರು, ನಿನ್ನೆ ಮಳೆ ಆಯಿತು ಅನ್ನುವ ಹಾಗೆ. ಇದಕ್ಕೆ ನೀವು ಒಂದಕ್ಷರ ಸೇರಿಸಿದರೂ ಕೆಡುತ್ತದೆ, ಅಲ್ವಾ?

ನಾನು ಪತ್ರಿಕೆಯ ಡೆಸ್ಕ್‌ಗೆ ಸೇರಿದ ಹೊಸದರಲ್ಲಿ ನನಗೆ ಕೊಟ್ಟ ಕೆಲಸ ಇಂಥ ಪ್ರಕಟಣೆಗಳನ್ನು ಓದುವುದೇ. ಸಂಜೆಯಾದರೆ “ಪ್ರಕಟಣೆಯ ಕೃಪೆಗಾಗಿ” ಅಂತ ತಲೆಯ ಮೇಲೆ ಹೊತ್ತ ಹಾಳೆಗಳ ರಾಶಿ ಬೀಳುತ್ತಿತ್ತು, ಒಂದೊಂದನ್ನೂ ನಾಲ್ಕು ಸಾಲಿಗೆ ಇಳಿಸಬೇಕು. ಹಿರಿಯ ಉಪಸಂಪಾದಕರೊಬ್ಬರಿದ್ದರು, ಮಾತು ಕಡಿಮೆ, ಕೆಮ್ಮು ಜಾಸ್ತಿ. ಅವರು ಹಾಳೆಯ ಮೇಲರ್ಧ ಮಡಚಿಟ್ಟು ಕೆಳಗಿನಿಂದ ಓದುತ್ತಿದ್ದರು. “ಮುಂತಾದವರು ಉಪಸ್ಥಿತರಿದ್ದರು” ಅನ್ನುವುದರ ಎರಡು ಸಾಲು ಮೇಲೆ ಸುದ್ದಿ ಬಚ್ಚಿಟ್ಟುಕೊಂಡಿರುತ್ತದೆ ಅಂತ ಅವರ ಲೆಕ್ಕ. ಆಮೇಲೆ ಕೆಂಪು ಪೆನ್ನಿನಲ್ಲಿ ಪ್ರತಿ ಕ್ರಿಯಾಪದದ ಪಕ್ಕ “ಯಾರು?” ಅಂತ ಗೀಚಿ ನನ್ನ ಕಡೆ ತಳ್ಳುತ್ತಿದ್ದರು. ಉತ್ತರ ಹುಡುಕಿ ಹುಡುಕಿ ಸಾಕಾದ ಮೇಲೆ ಕಂಡಿದ್ದು ಇಷ್ಟು: ಶಂಕುಸ್ಥಾಪನೆ ಮಾಡಿದವರಿಗೆ ಹೆಸರು, ಹುದ್ದೆ, “ಅಭಿವೃದ್ಧಿಯ ಹರಿಕಾರ” ಅನ್ನುವ ಬಿರುದು ಎಲ್ಲ ಇರುತ್ತದೆ. ಕಾಮಗಾರಿ ಮಾತ್ರ ತಾನಾಗೇ ವಿಳಂಬವಾಗಿರುತ್ತದೆ, ಹಣ ತಾನಾಗೇ ದುರ್ಬಳಕೆಯಾಗಿರುತ್ತದೆ.

ಅಂದ ಹಾಗೆ, ಮೊದಲ ಪತ್ರಿಕಾ ಪ್ರಕಟಣೆ ಅಂತ ಸಾಮಾನ್ಯವಾಗಿ ಹೆಸರಿಸುವುದೂ ಒಂದು ಸೇತುವೆಯ ಕಥೆಯೇ. 1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಹತ್ತಿರ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ರೈಲು ಕಂಪನಿಯ ಪರ ಕೆಲಸ ಮಾಡುತ್ತಿದ್ದ ಐವಿ ಲೀ, ನಡೆದದ್ದನ್ನು ಬರೆದು ಪತ್ರಿಕೆಗಳಿಗೆ ಹಂಚಿದರು, ಪತ್ರಕರ್ತರನ್ನು ಸ್ಥಳಕ್ಕೂ ಕರೆಸಿದರು. ನಿಮ್ಮ ಸಚಿವರ ಪಕ್ಕ ಈ ಮನುಷ್ಯನನ್ನು ನಿಲ್ಲಿಸಿ ನೋಡಿ, ಉಪಯೋಗಕ್ಕೆ ಬರಬಹುದು.

ನಿಮ್ಮಲ್ಲಿ ಒಂದು ಸಾಲು ಮಾತ್ರ ಪಕ್ಕಾ ಇದೆ: “ಅನಿರೀಕ್ಷಿತ ಮಳೆಯ ಒತ್ತಡವನ್ನು ವಿರೋಧ ಪಕ್ಷಗಳು ರಾಜಕೀಯಕ್ಕೆ ಬಳಸಿಕೊಳ್ಳುತ್ತಿರುವುದು ವಿಷಾದನೀಯ.” ಕೊನೆಗೂ ಅಪರಾಧಿಗಳು ಸಿಕ್ಕರು, ಮಳೆ ಮತ್ತು ವಿರೋಧ ಪಕ್ಷ. ಈ ಸಾಲು ಇಟ್ಟುಕೊಳ್ಳಿ, ಉಳಿದದ್ದನ್ನು ಹೊಸದಾಗಿ ಬರೆಯಿರಿ. ಕೊನೆಯಲ್ಲಿ “ಇದು ಕೇವಲ ಹಾಸ್ಯಕ್ಕಾಗಿ” ಅಂತ ಹಾಕಿದ್ದೀರಲ್ಲ, ಅದನ್ನು ಮೊದಲು ತೆಗೆಯಿರಿ.