ಫಾರ್ಮ್ಯಾಟ್ ಮಾಡಿಸುವ ಮುಂಚೆ ಮುಚ್ಚಳ ತೆಗೆದು ನೋಡಿ

ಪ್ರಶ್ನೆ: ನಮ್ಮ ಮನೆಯಲ್ಲಿ 2017ರಲ್ಲಿ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಇದೆ. ಇಂಟೆಲ್ 7ನೇ ತಲೆಮಾರಿನ ಐ3 ಪ್ರೊಸೆಸರ್. ಯುಗಾದಿ ಕಳೆದ ಮೇಲೆ ಕಾಟ ಶುರುವಾಗಿದೆ. ಮಗ ಗೇಮ್ ಆಡುತ್ತಾ ಕೂತರೆ ಇಪ್ಪತ್ತು ನಿಮಿಷಕ್ಕೆ ಟಪ್ ಅಂತ ಆಫ್ ಆಗುತ್ತದೆ. ನಾನು ಅಂಗಡಿ ಲೆಕ್ಕ ಟೈಪ್ ಮಾಡುವಾಗ ಒಂದೊಂದು ಸಲ ಎರಡು ಗಂಟೆಯಾದರೂ ಏನೂ ಆಗುವುದಿಲ್ಲ. ಆಫ್ ಆದ ಕೂಡಲೇ ಮತ್ತೆ ಆನ್ ಮಾಡಿದರೆ ಎರಡೇ ನಿಮಿಷಕ್ಕೆ ಹೋಗುತ್ತದೆ. ಊಟ ಮುಗಿಸಿ ಬಂದು ಆನ್ ಮಾಡಿದರೆ ಸರಿಯಾಗಿರುತ್ತದೆ. ರಿಪೇರಿಯವರು ಎರಡು ಸಲ ಫಾರ್ಮ್ಯಾಟ್ ಮಾಡಿಕೊಟ್ಟರು. ಈಗ ಮದರ್‌ಬೋರ್ಡ್ ಹೋಗಿದೆ ಅನ್ನುತ್ತಿದ್ದಾರೆ. ಹೊಸದು ಹಾಕಿಸಬೇಕಾ ಸರ್?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಮದರ್‌ಬೋರ್ಡಿಗೆ ಈಗಲೇ ದುಡ್ಡು ಕೊಡಬೇಡಿ.

ಫಾರ್ಮ್ಯಾಟ್ ಅನ್ನೋದು ನಮ್ಮ ರಿಪೇರಿ ಅಂಗಡಿಗಳ ಸರ್ವರೋಗ ಮದ್ದು. ನಿಮ್ಮ ತೊಂದರೆಗೂ ಅದಕ್ಕೂ ಸಂಬಂಧ ಕಡಿಮೆ. ವಿಂಡೋಸ್ ಕೆಟ್ಟಿದ್ದರೆ ಸಾಮಾನ್ಯವಾಗಿ ನೀಲಿ ಪರದೆ ಬರುತ್ತದೆ, ಇಲ್ಲವೇ ತಾನಾಗಿ ರೀಸ್ಟಾರ್ಟ್ ಆಗುತ್ತದೆ, ಇಲ್ಲವೇ ಮೌಸ್ ಅಲ್ಲಾಡದೆ ನಿಂತುಬಿಡುತ್ತದೆ. ಪರದೆ, ಫ್ಯಾನು, ದೀಪ ಎಲ್ಲ ಒಟ್ಟಿಗೆ ಆರಿಹೋದರೆ ಕರೆಂಟೇ ಕಟ್ ಆಗಿದೆ ಎಂದರ್ಥ. ಹಾಗೆ ಕಟ್ ಮಾಡುವುದು ಹೆಚ್ಚಿನ ಸಲ ಹಾರ್ಡ್‌ವೇರ್.

ಯಾವಾಗ ಆಫ್ ಆಗುತ್ತದೆ ಎಂದು ನೀವು ಗಮನಿಸಿ ಬರೆದಿದ್ದೀರಿ. ಅದೇ ಇಲ್ಲಿ ಮುಖ್ಯ. ಗೇಮ್ ಆಡಿದರೆ ಬೇಗ, ಟೈಪ್ ಮಾಡಿದರೆ ತಡ. ಕೂಡಲೇ ಆನ್ ಮಾಡಿದರೆ ಎರಡು ನಿಮಿಷ, ತಣ್ಣಗಾದ ಮೇಲೆ ಆನ್ ಮಾಡಿದರೆ ತೊಂದರೆಯಿಲ್ಲ. ಅದೂ ಶುರುವಾಗಿದ್ದು ಬೇಸಿಗೆಯಲ್ಲಿ. ಇದು ಬಿಸಿಯ ಲಕ್ಷಣ. ಪ್ರೊಸೆಸರ್ ಮೇಲಿನ ಫ್ಯಾನ್ ಊದುವುದು ಕೋಣೆಯ ಗಾಳಿಯನ್ನೇ ತಾನೇ? ಕೋಣೆಯೇ 38 ಡಿಗ್ರಿ ಇದ್ದರೆ ಅದಕ್ಕಿಂತ ತಣ್ಣಗೆ ಮಾಡಲು ಅದರಿಂದ ಆಗುವುದಿಲ್ಲ. ಜನವರಿಯಲ್ಲಿ ಹೇಗೋ ದಾಟಿಕೊಂಡಿದ್ದ ಕಂಪ್ಯೂಟರ್ ಏಪ್ರಿಲ್‌ನಲ್ಲಿ ಕೈ ಎತ್ತುವುದು ಇದಕ್ಕೇ.

ನಿಮ್ಮಂಥ ಇಂಟೆಲ್ ಪ್ರೊಸೆಸರ್‌ಗಳಿಗೆ ಮಿತಿ ಹೆಚ್ಚೂಕಡಿಮೆ 100 ಡಿಗ್ರಿ ಸೆಲ್ಸಿಯಸ್. ಅಲ್ಲಿಗೆ ಬಂದಾಗ ಮೊದಲು ಅದು ತನ್ನ ವೇಗವನ್ನೇ ಇಳಿಸಿಕೊಳ್ಳುತ್ತದೆ. ಗೇಮ್ ನಡುವೆ ಸಿಕ್ಕಿಸಿಕ್ಕಿ ಓಡುತ್ತದಾ ಎಂದು ಮಗನನ್ನು ಕೇಳಿ ನೋಡಿ. ಅಷ್ಟಾದರೂ ಬಿಸಿ ಏರುತ್ತಲೇ ಹೋದರೆ ಕರೆಂಟ್ ತೆಗೆಯುವಂತೆ ಬೋರ್ಡಿಗೆ ಸೂಚನೆ ಕೊಡುತ್ತದೆ. ವಿಂಡೋಸ್‌ಗೆ ಫೈಲ್ ಮುಚ್ಚುವಷ್ಟೂ ಪುರುಸೊತ್ತು ಸಿಗುವುದಿಲ್ಲ.

ಪರೀಕ್ಷೆ ಸುಲಭ. ಆನ್ ಮಾಡುವಾಗ ಡಿಲೀಟ್ ಕೀ ಅಥವಾ ಎಫ್2 ಒತ್ತಿ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆಗೆ ಹೋಗಿ. ಸಿಪಿಯು ಟೆಂಪರೇಚರ್ ಎಂಬ ಸಾಲು ಇರುತ್ತದೆ. ಹತ್ತು ನಿಮಿಷ ಹಾಗೇ ಬಿಟ್ಟು ನೋಡಿ. 50ರ ಆಸುಪಾಸಿನಲ್ಲಿ ನಿಂತರೆ ಚಿಂತೆಯಿಲ್ಲ. 80, 85 ಅಂತ ಏರುತ್ತಲೇ ಇದ್ದರೆ ಕಳ್ಳ ಸಿಕ್ಕಿಬಿದ್ದ.

ಇನ್ನು ಮುಚ್ಚಳ ತೆಗೆಯಿರಿ. ಮೊದಲು ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಬಿಡಿ. ಬೋರ್ಡ್ ಮುಟ್ಟುವ ಮುಂಚೆ ಕ್ಯಾಬಿನೆಟ್ಟಿನ ಕಬ್ಬಿಣವನ್ನು ಒಮ್ಮೆ ಮುಟ್ಟಿ. ಫ್ಯಾನ್ ರೆಕ್ಕೆ ಮೇಲಿನ ಧೂಳು ಎಲ್ಲರ ಕಣ್ಣಿಗೂ ಬೀಳುತ್ತದೆ, ಎಲ್ಲರೂ ಅದನ್ನೇ ಒರೆಸುತ್ತಾರೆ. ಕೆಡುಕಿರುವುದು ಫ್ಯಾನಿನ ಕೆಳಗೆ. ಪ್ರೊಸೆಸರ್‌ನ ಬಿಸಿ ಹೀರುವ ಹೀಟ್ ಸಿಂಕ್‌ನ ಅಲ್ಯೂಮಿನಿಯಂ ಪಟ್ಟಿಗಳ ಸಂದಿಯಲ್ಲಿ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿರುತ್ತದೆ. ಫ್ಯಾನ್ ತಿರುಗುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ಒಣ ಪೇಂಟ್ ಬ್ರಷ್‌ನಿಂದ ಬಿಡಿಸಿ, ಬ್ಲೋವರ್ ಹಿಡಿಯಿರಿ. ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅದರ ಬೇರಿಂಗ್‌ಗೆ ಪೆಟ್ಟು. ಒದ್ದೆ ಬಟ್ಟೆ ಬೇಡವೇ ಬೇಡ.

ಇನ್ನೊಂದನ್ನು ಬಹಳ ಜನ ನೋಡುವುದೇ ಇಲ್ಲ. ಇಂಟೆಲ್ ಪ್ರೊಸೆಸರ್ ಜೊತೆಗೆ ಬಂದ ಕೂಲರ್ (ಹೀಟ್ ಸಿಂಕ್, ಫ್ಯಾನ್ ಎರಡೂ ಸೇರಿದ್ದು) ನಾಲ್ಕು ಪ್ಲಾಸ್ಟಿಕ್ ಪಿನ್ ಮೇಲೆ ನಿಂತಿರುತ್ತದೆ. ಕ್ಯಾಬಿನೆಟ್ ಎತ್ತಿ ಇಳಿಸುವಾಗ ಅದರಲ್ಲಿ ಒಂದು ಎದ್ದರೂ ಸಾಕು, ಕೂಲರ್ ಒಂದು ಕಡೆ ವಾಲಿ ಪ್ರೊಸೆಸರ್‌ಗೆ ಸರಿಯಾಗಿ ಅಂಟಿ ಕೂರುವುದಿಲ್ಲ. ನಿಮ್ಮದು ಎರಡು ಸಲ ಅಂಗಡಿಗೆ ಹೋಗಿ ಬಂದಿದೆ, ಅಲ್ವಾ? ಮೆಲ್ಲಗೆ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಹಳೇ ಥರ್ಮಲ್ ಪೇಸ್ಟ್ ಪೂರ್ತಿ ಒರೆಸಿ ಹೊಸದು ಹಾಕಿ. ಹಳೆಯದು ಒಣಗಿ ಸುಣ್ಣದ ಪುಡಿಯ ಹಾಗಾಗಿರುತ್ತದೆ. ಒರೆಸಲು ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಪ್ರೊಸೆಸರ್‌ನ ನಡುವೆ ಬಟಾಣಿ ಕಾಳಿನಷ್ಟು ಪೇಸ್ಟ್ ಇಟ್ಟರೆ ಆಯ್ತು, ಜಾಸ್ತಿ ಬಳಿದರೆ ಜಾಸ್ತಿ ತಂಪಾಗುವುದಿಲ್ಲ. ಪಿನ್‌ಗಳನ್ನು ಎದುರುಬದುರು ಮೂಲೆಯಂತೆ ಒತ್ತಿ. ಒಂದೊಂದಕ್ಕೂ ಟಿಕ್ ಶಬ್ದ ಬರಬೇಕು.

ಬಿಸಿ ಇಲ್ಲದೆಯೂ ಆಫ್ ಆಗುತ್ತಿದ್ದರೆ ಮುಂದಿನ ಅನುಮಾನ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಒಳಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿಯ ಮೇಲೆ. ಅದಕ್ಕೂ ಮುಂಚೆ ಸ್ಪೈಕ್ ಬಸ್ಟರ್ ತೆಗೆದು ಪ್ಲಗ್ಗನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿ. ಸಡಿಲ ಸಾಕೆಟ್ ಕೂಡ ಇದೇ ಆಟ ಆಡುತ್ತದೆ. ಕಡಿಮೆ ಬೆಲೆಯ ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್ ಮೇಲಿನ 450 ವ್ಯಾಟ್ ಸ್ಟಿಕ್ಕರನ್ನು ನಾನಂತೂ ನಂಬುವುದಿಲ್ಲ. ಮಲ್ಟಿಮೀಟರ್ ಇದ್ದರೆ ಕೆಲಸ ನಡೆಯುತ್ತಿರುವಾಗಲೇ ಹಳದಿ ತಂತಿಯ ವೋಲ್ಟೇಜ್ ನೋಡಿ. 11.4ರಿಂದ 12.6ರ ಒಳಗೆ ಇರಬೇಕು. ಅದಕ್ಕಿಂತ ಸುಲಭ ಅಂದರೆ ಗೆಳೆಯರ ಎಸ್‌ಎಂಪಿಎಸ್ ಒಂದು ಸಂಜೆಗೆ ತಂದು ಹಾಕಿ ನೋಡುವುದು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು.

ಒಂದು ಎಚ್ಚರಿಕೆ. ವಿಂಡೋಸ್‌ ತನ್ನ ತೊಂದರೆಗಳನ್ನು ಬರೆದಿಡುವ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನೆಲ್ ಪವರ್ 41’ ಎಂಬ ಕೆಂಪು ಗುರುತು ತೋರಿಸಿ ಬೋರ್ಡ್ ಹೋಗಿದೆ ಅನ್ನುವವರಿದ್ದಾರೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎಂದಷ್ಟೇ ಅದು ಹೇಳುವುದು. ಯಾಕೆ ನಿಂತಿತು ಅಂತ ಅದಕ್ಕೂ ತಿಳಿಯದು. ನೀವೇ ಪ್ಲಗ್ ಕಿತ್ತರೂ ಅದೇ 41 ಬರುತ್ತದೆ.

ಪ್ರಶ್ನೆ: ಮನೆಗೆ ಇನ್ವರ್ಟರ್ ಇದೆ. ಆದರೂ ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಲೈಟು, ಫ್ಯಾನಿಗೆ ಏನೂ ಆಗುವುದಿಲ್ಲ.
– ಓದುಗರೊಬ್ಬರು, ಸಾಗರ

ಉತ್ತರ: ಇನ್ವರ್ಟರ್ ಬ್ಯಾಟರಿಗೆ ಬದಲಾಗುವ ಹೊತ್ತಿನಲ್ಲಿ ಕ್ಷಣಮಾತ್ರ ಕರೆಂಟ್ ಇರುವುದಿಲ್ಲ. ಫ್ಯಾನ್ ಆ ವೇಗದಲ್ಲೇ ತಿರುಗುತ್ತಿರುತ್ತದೆ, ನಿಮಗೆ ಗೊತ್ತಾಗುವುದಿಲ್ಲ. ಕಂಪ್ಯೂಟರ್‌ನ ಎಸ್‌ಎಂಪಿಎಸ್ ಚೆನ್ನಾಗಿದ್ದರೆ ಸುಮಾರು 16 ಮಿಲಿಸೆಕೆಂಡ್ ತಾಳಿಕೊಳ್ಳುತ್ತದೆ. ಹಳೆಯದಾದರೆ ಅಷ್ಟೂ ಇಲ್ಲ.

ಇನ್ವರ್ಟರ್ ಹಿಂದೆಯೋ ಮುಂದೆಯೋ ಒಂದು ಸಣ್ಣ ಸ್ವಿಚ್ ಇರುತ್ತದೆ. ಒಂದು ಕಡೆ ‘ಯುಪಿಎಸ್’, ಇನ್ನೊಂದು ಕಡೆ ‘ನಾರ್ಮಲ್’ ಅಥವಾ ‘ಇಕೋ’. ಅದನ್ನು ಯುಪಿಎಸ್ ಕಡೆಗೆ ಹಾಕಿ. ಬದಲಾವಣೆ ಬೇಗ ಆಗುತ್ತದೆ. ಆದರೆ ಇದಕ್ಕೊಂದು ಬೆಲೆ ಇದೆ. ಹೆಚ್ಚಿನ ಇನ್ವರ್ಟರ್‌ಗಳು ಈ ಮೋಡ್‌ನಲ್ಲಿ ವೋಲ್ಟೇಜ್ 180ರ ಆಸುಪಾಸಿಗೆ ಇಳಿದರೆ ಬ್ಯಾಟರಿಗೆ ಹೊರಳುತ್ತವೆ. ನಿಮ್ಮಲ್ಲಿ ಲೋ ವೋಲ್ಟೇಜ್ ಇದ್ದರೆ ಬ್ಯಾಟರಿ ಸುಮ್ನೆ ಸವೆಯುತ್ತದೆ. ಆಗ ಕಂಪ್ಯೂಟರಿಗೇ ಒಂದು 600 ವಿಎ ಯುಪಿಎಸ್ ಇಡುವುದು ಮೇಲು. 600 ವಿಎ ಅಂದರೆ 600 ವ್ಯಾಟ್ ಅಲ್ಲ, ಸುಮಾರು 360 ವ್ಯಾಟ್. ಲೇಸರ್ ಪ್ರಿಂಟರ್ ಅದಕ್ಕೆ ಜೋಡಿಸಬೇಡಿ. ಒಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಬದಲಿಸಬೇಕಾಗುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪ್ 30 ಪರ್ಸೆಂಟ್ ತೋರಿಸುತ್ತಿರುವಾಗಲೇ ಆರಿಹೋಗುತ್ತದೆ. ಚಾರ್ಜರ್ ಹಾಕಿದ್ದರೆ ತೊಂದರೆ ಇಲ್ಲ.
– ಕಾಲೇಜು ವಿದ್ಯಾರ್ಥಿನಿ, ಬೀದರ್

ಉತ್ತರ: ಬ್ಯಾಟರಿ ಮುದಿಯಾಗಿದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಸ್ಲ್ಯಾಶ್, ಬ್ಯಾಟರಿರಿಪೋರ್ಟ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಮ್ಮ. ಒಂದು ವರದಿ ಸಿಗುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ ಮತ್ತು ಫುಲ್ ಚಾರ್ಜ್ ಕೆಪಾಸಿಟಿ ಹೋಲಿಸಿ ನೋಡು. ಎರಡನೆಯದು ಮೊದಲನೆಯದರ ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿ ಹಾಕಿಸು. ಟಚ್‌ಪ್ಯಾಡ್ ಉಬ್ಬಿದಂತಿದ್ದರೆ ಅಥವಾ ತಳ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ ವರದಿಯೇನೂ ಬೇಡ. ಚಾರ್ಜರ್ ತೆಗೆದು, ಆಫ್ ಮಾಡಿ, ಇವತ್ತೇ ಸರ್ವಿಸ್ ಸೆಂಟರ್‌ಗೆ ಕೊಂಡುಹೋಗು. ಉಬ್ಬಿದ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು ಬೇಡ, ಬೆಂಕಿ ಹೊತ್ತಿಕೊಳ್ಳುತ್ತದೆ.